ಮಗಳು ಇಂಡಿಯಾಕ್ಕೆ ಓಡ್ತಾಳಾ ಅಂತ ಕೇಳುವ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಮಕ್ಕಳಿಗೆ 800 ಮತ್ತು 1500 ಮೀಟರ್ ಓಟ ಕಲಿಸುವುದು ನನ್ನ ಕೆಲಸ. ಉಪಜಿಲ್ಲಾ ಕ್ರೀಡಾಕೂಟ ಮುಗಿದ ವಾರ ಅಪ್ಪ ಅಮ್ಮಂದಿರ ಫೋನು ಜಾಸ್ತಿ. ಎಲ್ಲರೂ ಕೇಳುವುದು ಒಂದೇ: "ಮಾಸ್ಟ್ರೇ, ಇವಳು ಇಂಡಿಯಾಕ್ಕೆ ಓಡುವಷ್ಟು ಆಗ್ತಾಳಾ?" ಫೋನಿನಲ್ಲಿ ಹೌದು, ಇಲ್ಲ ಅಂತ ಹೇಳಿ ಮುಗಿಸುವ ಪ್ರಶ್ನೆ ಅಲ್ಲ ಇದು. ಆದರೆ ಉತ್ತರ ಹುಡುಕುವ ದಾರಿ ಇದೆ, ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಹದಿನಾರನೇ ವಯಸ್ಸಿನ ಟೈಮಿಂಗ್ ಎಷ್ಟು ಅನ್ನುವುದಕ್ಕಿಂತ, ಆ ಟೈಮಿಂಗ್ ಹೇಗೆ ಬಂತು ಅನ್ನುವುದು ನನಗೆ ಮುಖ್ಯ.

ಈಗ ಅಭ್ಯಾಸಕ್ಕೆ ಬರುವ ಒಬ್ಬಳು ಹುಡುಗಿಯ ಲೆಕ್ಕವನ್ನೇ ನೋಡೋಣ. ವಯಸ್ಸು ಹದಿನಾರು, ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ಕ್ಲಾಸು ಮುಗಿಸಿ ಈಗ ಪ್ಲಸ್ ವನ್. 800 ಮೀಟರನ್ನು 2 ನಿಮಿಷ 14 ಸೆಕೆಂಡಿನಲ್ಲಿ ಓಡಿದ್ದಾಳೆ. ಇಲ್ಲಿ ಅವಳ ಹತ್ತಿರಕ್ಕೂ ಯಾರೂ ಬರುವುದಿಲ್ಲ, ಮನೆಯವರಿಗೆ ಆಸೆ ಹುಟ್ಟುವುದು ಸಹಜ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ಗೆ ಮಹಿಳೆಯರ 800 ಮೀಟರಿಗೆ ಇಟ್ಟಿದ್ದ ಅರ್ಹತಾ ಸಮಯ 1 ನಿಮಿಷ 59 ಸೆಕೆಂಡು. ಹದಿನೈದು ಸೆಕೆಂಡಿನ ವ್ಯತ್ಯಾಸ ಅಂದರೆ ಕಾಗದದಲ್ಲಿ ಸಣ್ಣದಾಗಿ ಕಾಣುತ್ತದೆ ಅಲ್ವಾ? ಟ್ರ್ಯಾಕಿನ ಮೇಲೆ ನೋಡಿ: 1:59 ಓಡುವವಳು ಗೆರೆ ದಾಟುವಾಗ ನಮ್ಮ ಹುಡುಗಿಗೆ ಇನ್ನೂ ಸುಮಾರು 90 ಮೀಟರ್ ಬಾಕಿ, ಅಂದರೆ ಅವಳು ಕೊನೆಯ ತಿರುವು ಮುಗಿಸಿ ನೇರ ಟ್ರ್ಯಾಕಿಗೆ ಇನ್ನೇನು ಬರಬೇಕಷ್ಟೇ.

ಇನ್ನೊಂದು ವಿಷಯ. ಟಿಂಟು ಲೂಕಾ 2010ರಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಓಡಿದ 1:59.17 ಅಂದಿನಿಂದ ನಮ್ಮ ಮಹಿಳೆಯರ ರಾಷ್ಟ್ರೀಯ ದಾಖಲೆ. ಟಿಂಟು ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಇರಿಟ್ಟಿಯವರು, ಪಿ.ಟಿ. ಉಷಾ ಅವರ ಕಿನಾಲೂರಿನ ಶಾಲೆಯಲ್ಲಿ ತಯಾರಾದವರು. ಆ ದಾಖಲೆಯೂ ಟೋಕಿಯೊದ ಮಟ್ಟಕ್ಕಿಂತ ಚೂರು ನಿಧಾನ. ಗಂಡಸರಲ್ಲೂ ಹಾಗೇ. ಮೊಹಮ್ಮದ್ ಅಫ್ಸಲ್ 2025ರಲ್ಲಿ ಪೋಲೆಂಡಿನಲ್ಲಿ 1:44.93 ಓಡಿ ರಾಷ್ಟ್ರೀಯ ದಾಖಲೆ ಮಾಡಿದರು, ಟೋಕಿಯೊದ ಅರ್ಹತಾ ಸಮಯ 1:44.50.

ಹಾಗಂತ ಬಾಗಿಲು ಮುಚ್ಚಿದೆ ಅಂತಲ್ಲ. ವಿಶ್ವ ಮಟ್ಟದ ಕೂಟಕ್ಕೆ ಅರ್ಧದಷ್ಟು ಮಂದಿ ರ‍್ಯಾಂಕಿಂಗ್ ಮೂಲಕ ಹೋಗಬಹುದು ಅಂತಲೇ ಲೆಕ್ಕ ಇಟ್ಟಿರುತ್ತಾರೆ. 800, 1500ರಲ್ಲಿ ಐದು ಒಳ್ಳೆಯ ಓಟಗಳ ಸರಾಸರಿ ಪಾಯಿಂಟ್, ಅದರಲ್ಲಿ ಸಮಯದ ಜೊತೆಗೆ ಎಂಥ ಕೂಟದಲ್ಲಿ ಎಷ್ಟನೇ ಸ್ಥಾನ ಬಂತು ಅನ್ನುವುದಕ್ಕೂ ಬೆಲೆ ಇದೆ. ಏಷ್ಯನ್ ಗೇಮ್ಸ್ ಅಂತೂ ಬೇರೆಯೇ ಲೋಕ. 2018ರ ಜಕಾರ್ತದಲ್ಲಿ ಮಂಜಿತ್ ಸಿಂಗ್ ಚಿನ್ನ ಗೆದ್ದದ್ದು 1:46.15ರಲ್ಲಿ, ಬೆಳ್ಳಿ ಪಡೆದ ಕೋಯಿಕ್ಕೋಡಿನ ಜಿನ್ಸನ್ ಜಾನ್ಸನ್ ಅದೇ ವರ್ಷ ಗುವಾಹಟಿಯಲ್ಲಿ 1:45.65 ಓಡಿದ್ದರು. ಹಾಂಗ್‌ಝೌನಲ್ಲಿ ಹರ್‌ಮಿಲನ್ ಬೈನ್ಸ್‌ಗೆ ಬೆಳ್ಳಿ ಬಂದದ್ದು 2:03.75ಕ್ಕೆ. ಹಾಗಾಗಿ ನಾನು ಮನೆಯವರಿಗೆ ಹೇಳುವುದು: 1:59 ಸದ್ಯ ಗೋಡೆಯ ಮೇಲೆ ಬರೆದಿಡಿ, ಕೆಲಸ ಮಾಡಬೇಕಾದದ್ದು 2:14ರಿಂದ 2:04ರ ಕಡೆಗೆ. ಅದಕ್ಕೆ ಐದಾರು ವರ್ಷ ಬೇಕಾಗಬಹುದು. ಬೇಗ ಬಂದರೆ ಒಳ್ಳೆಯದೇ, ಆದರೆ ಬೇಗ ಬರಲಿ ಅಂತ ಹಿಂಡಬಾರದು.

ಈಗ ಸ್ಟಾಪ್‌ವಾಚಿಗೆ ಬರೋಣ. ಅವಳ 2:14ನ್ನು 400 ಮೀಟರಿನ ಎರಡು ಸುತ್ತಾಗಿ ಒಡೆದರೆ ಮೊದಲನೆಯದು 63, ಎರಡನೆಯದು 71. ಎಂಟು ಸೆಕೆಂಡಿನ ಕುಸಿತ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೇವಿಡ್ ರುಡಿಶಾ 1:40.91ರ ವಿಶ್ವ ದಾಖಲೆ ಮಾಡಿದಾಗ ಮೊದಲ ಸುತ್ತು 49.28, ಎರಡನೆಯದು ಐವತ್ತೊಂದೂವರೆ ಚಿಲ್ಲರೆ. ಎರಡನೇ ಸುತ್ತು ನಿಧಾನ ಆಗುವುದು 800ರಲ್ಲಿ ತಪ್ಪಲ್ಲ, ಆದರೆ ಎರಡು ಮೂರು ಸೆಕೆಂಡಿನ ಒಳಗೆ ಇರಬೇಕು. ನಮ್ಮವಳು 450 ಮೀಟರ್ ದಾಟುವಾಗ ಭುಜ ಕಿವಿಯ ಕಡೆಗೆ ಏರುತ್ತದೆ, ಕೈ ಹಿಂದೆ ಮುಂದೆ ಬೀಸುವ ಬದಲು ಎದೆಗೆ ಅಡ್ಡ ಹೋಗುತ್ತದೆ, ಹೆಜ್ಜೆ ಗಿಡ್ಡ ಆಗುತ್ತದೆ. ನೋಡುವವರಿಗೆ ಇದು ಬಳಲಿಕೆ. ನನಗೆ ಇದು ಒಳ್ಳೆಯ ಸುದ್ದಿ! ಯಾಕಂದರೆ 800ರಲ್ಲಿ ಬೇಕಾಗುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಪಾಲು ಆಮ್ಲಜನಕ ಬಳಸಿಕೊಂಡೇ ಬರುವುದು, 1500ರಲ್ಲಿ ಇನ್ನೂ ಹೆಚ್ಚು. ಆ ಪಾಯವನ್ನು ಇವಳಲ್ಲಿ ಇನ್ನೂ ಕಟ್ಟಿಯೇ ಇಲ್ಲ. ವಾರಕ್ಕೆ ನಾಲ್ಕು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದರೆ ಆ 71 ತನ್ನಷ್ಟಕ್ಕೆ ಇಳಿಯುತ್ತದೆ. 400 ಮೀಟರಿನ ವೇಗ ಇರುವ ಮಗುವಿಗೆ ದಮ್ಮು ಕಟ್ಟಬಹುದು. ದಮ್ಮು ಇದ್ದು ವೇಗ ಇಲ್ಲದವರಿಗೆ ವೇಗ ತರುವುದು ಕಷ್ಟ, ಅಂಥವರನ್ನು ನಾನು 3000, 5000ದ ಕಡೆಗೆ ತಿರುಗಿಸುತ್ತೇನೆ.

ಇದೇ 2:14 ಓಡಿದ ಇನ್ನೊಬ್ಬಳನ್ನು ಊಹಿಸಿಕೊಳ್ಳಿ. ಹನ್ನೊಂದನೇ ವಯಸ್ಸಿನಿಂದ ದಿನಕ್ಕೆ ಎರಡು ಹೊತ್ತು ಅಭ್ಯಾಸ, ವಾರಕ್ಕೆ ಮೂರು ದಿನ ಇಂಟರ್ವಲ್ (ನಡುವೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಮತ್ತೆ ವೇಗದ ಓಟ), ಎರಡೂ ಸುತ್ತು ಸಮ ಸಮ 67. ನೋಡಲಿಕ್ಕೆ ಚಂದದ ಓಟ. ಆದರೆ ಅವಳ ದೇಹ ಕೊಡಬಹುದಾದದ್ದನ್ನೆಲ್ಲ ಹದಿನಾರಕ್ಕೇ ಕೊಟ್ಟು ಆಗಿದೆ. ನಾನು ಆರಿಸುವುದಾದರೆ 63–71ರವಳನ್ನೇ ಆರಿಸುತ್ತೇನೆ. ಶಾಲಾ ಕೂಟದ ಮೆಡಲಿಗೆ, ಗ್ರೇಸ್ ಮಾರ್ಕಿಗೆ ಅಂತ ಒಂದೇ ಮಗುವನ್ನು 400, 800, 1500, ರಿಲೇ ಎಲ್ಲದರಲ್ಲೂ ಎರಡು ದಿನದಲ್ಲಿ ಓಡಿಸುವುದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಬೇಗ ಬೆಳೆದ ಮಕ್ಕಳ ವಿಷಯವೂ ಇದೆ. ಹದಿನಾಲ್ಕಕ್ಕೇ ಮೀಸೆ ಬಂದ ಹುಡುಗ ಅದೇ ತರಗತಿಯ ಸಣಕಲು ಹುಡುಗನನ್ನು ಸುಲಭವಾಗಿ ಸೋಲಿಸುತ್ತಾನೆ, ಹತ್ತೊಂಬತ್ತಕ್ಕೆ ಲೆಕ್ಕ ತಿರುಗಿ ಬೀಳಬಹುದು. ಇದರ ಮೇಲೆ ದಾಖಲೆಯಲ್ಲಿ ವಯಸ್ಸು ಇಳಿಸುವವರು ಬೇರೆ ಇದ್ದಾರೆ. ಅವರು ಮೋಸ ಮಾಡುತ್ತಿರುವುದು ತಮ್ಮ ಮಗುವಿಗೇ. ಸೀನಿಯರ್ ಓಟದಲ್ಲಿ ಬರ್ತ್ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದರೆ ನಾವು ಹೆಚ್ಚು ಮಂದಿಯನ್ನು ಕಳೆದುಕೊಳ್ಳುವುದು ಇಲ್ಲೇ. ಹದಿನಾಲ್ಕರಿಂದ ಹದಿನೇಳರ ನಡುವೆ ಮೈ ತುಂಬಿಕೊಳ್ಳುವಾಗ ಒಂದೆರಡು ವರ್ಷ ಟೈಮಿಂಗ್ ನಿಂತುಬಿಡುತ್ತದೆ, ಕೆಲವೊಮ್ಮೆ ಹಿಂದೆಯೂ ಹೋಗುತ್ತದೆ. ಆಗ ಯಾರೋ ಒಬ್ಬರು "ದಪ್ಪ ಆದೆ, ಊಟ ಕಡಿಮೆ ಮಾಡು" ಅಂತಾರೆ. ಆ ಒಂದು ಮಾತಿನಿಂದ ಎಷ್ಟು ಹಾಳಾಗುತ್ತದೆ ಗೊತ್ತಾ? ಓಡುವ ಓಟಕ್ಕೆ ತಕ್ಕ ಊಟ ಇಲ್ಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸೊರಗುತ್ತದೆ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಮೂರು ತಿಂಗಳು ಮುಟ್ಟು ಆಗದಿದ್ದರೆ ಓಟ ತಗ್ಗಿಸಿ, ಡಾಕ್ಟರ ಹತ್ತಿರ ಹೋಗಿ. ಇದನ್ನು ನಾನು ತಾಯಂದಿರಿಗೆ ನೇರವಾಗಿಯೇ ಹೇಳುತ್ತೇನೆ, ನಾಚಿಕೆಯ ವಿಷಯ ಏನೂ ಇಲ್ಲ. ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ನೋಯುವ ಕಾಲನ್ನು ಎಣ್ಣೆ ತಿಕ್ಕಿ ಓಡಿಸಬೇಡಿ. ನಮ್ಮ ಮುರಕಲ್ಲಿನ ಗ್ರೌಂಡು ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ. ಮಳೆಗಾಲದಲ್ಲಿ ಅದೂ ಸಿಗದೆ ಡಾಮರು ರಸ್ತೆಯೇ ಗತಿ. ಹಾಗಾಗಿ ನಾನು ಜೂನ್‌ನಿಂದ ಆಗಸ್ಟ್‌ವರೆಗೆ ಗುಡ್ಡದ ಏರು ದಾರಿಯನ್ನೇ ಜಾಸ್ತಿ ಬಳಸುತ್ತೇನೆ. ಏರುವಾಗ ಕಾಲಿಗೆ ಪೆಟ್ಟು ಕಡಿಮೆ, ಬಲ ಜಾಸ್ತಿ. ಇಳಿಯುವಾಗ ನಡೆದು ಇಳಿಯಬೇಕು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಸುಮ್ನೆ ಬಿಡಬೇಡಿ, ಫೆರಿಟಿನ್ ಕೂಡ ಮಾಡಿಸಿ. ಹಿಮೋಗ್ಲೋಬಿನ್ ಸರಿಯಾಗಿಯೇ ಇದ್ದು ಕಬ್ಬಿಣದ ದಾಸ್ತಾನು ಖಾಲಿ ಆಗಿರುವ ಮಕ್ಕಳು ಇದ್ದಾರೆ. ಬೆಳಿಗ್ಗೆ ಚಾ ಬಿಸ್ಕೆಟು, ಮಧ್ಯಾಹ್ನ ಶಾಲೆಯ ಊಟ, ಸಂಜೆ ಅಭ್ಯಾಸ, ರಾತ್ರಿ ಗಂಜಿ ಉಪ್ಪಿನಕಾಯಿ ಅಂದರೆ ಸಾಲದು. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಅದರ ಜೊತೆ ಬೂತಾಯಿಯೋ ಬಂಗುಡೆಯೋ ಇರಲಿ, ಮೀನು ತಿನ್ನದ ಮನೆಯಲ್ಲಿ ಹುರುಳಿ, ಹೆಸರುಕಾಳು, ಮೊಸರು. ಊಟದ ಜೊತೆಗೇ ಚಾ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿ, ಯಾವುದೋ ಶಕ್ತಿಯ ಗುಳಿಗೆ ಖಂಡಿತ ಬೇಡ. ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ಗೊತ್ತಿರಲಿಲ್ಲ" ಅಂದ ಮಾತ್ರಕ್ಕೆ ಬಿಡುವುದಿಲ್ಲ, ಮೈಯೊಳಗೆ ಏನಿದೆಯೋ ಅದಕ್ಕೆ ಓಡುವವರೇ ಹೊಣೆ.

ಇಷ್ಟೆಲ್ಲ ಸರಿ ಇದ್ದರೂ ದೊಡ್ಡ ಕೂಟದ ಓಟವೇ ಬೇರೆ. ನಮ್ಮ ಮಕ್ಕಳು ಉಪಜಿಲ್ಲೆ, ಜಿಲ್ಲೆಯಲ್ಲಿ ಶುರುವಿನಿಂದ ಕೊನೆಯವರೆಗೆ ಒಬ್ಬರೇ ಮುಂದೆ ಓಡುತ್ತಾರೆ. ರಾಜ್ಯ ಮಟ್ಟಕ್ಕೆ ಹೋದಾಗ ಮೊದಲ ಸಲ ಮೊಣಕೈ ತಾಗುತ್ತದೆ, ಒಳಗಿನ ಲೇನಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಗಾಬರಿ ಆಗುತ್ತಾರೆ. 800ರಲ್ಲಿ ಮೊದಲ ತಿರುವು ಮುಗಿಯುವವರೆಗೆ ಅವರವರ ಲೇನಿನಲ್ಲೇ ಇರಬೇಕು. 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಶೈನಿ ವಿಲ್ಸನ್ ಅವರಂಥವರೇ ಲೇನ್ ದಾಟಿದ್ದಕ್ಕೆ ಅನರ್ಹರಾದರು. ಟಿಂಟು ಲೂಕಾ 2010ರ ದಿಲ್ಲಿ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಮುಂದೆ ಓಡಿ ಕೊನೆಗೆ ಆರನೆಯವರಾದರು. ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೊದಲ ಸುತ್ತು ಮುಂದೆ ಓಡಿ ಏಳನೆಯವರಾದರು, ಆದರೂ 1:45.77 ಓಡಿದರು, ಆ ರಾಷ್ಟ್ರೀಯ ದಾಖಲೆ ಮುರಿಯಲು 2018 ಬರಬೇಕಾಯಿತು. ಅವರೆಲ್ಲರ ಬಗ್ಗೆ ನನಗೆ ಅಪಾರ ಗೌರವ. ಆದರೆ ಮುಂದೆ ಓಡುವುದೊಂದೇ ಗೊತ್ತಿದ್ದರೆ ಹಿಂದಿನಿಂದ ಬರುವವರಿಗೆ ನಾವೇ ಗಾಳಿ ತಡೆದು ಕೊಟ್ಟ ಹಾಗೆ.

ಟೋಕಿಯೊದಲ್ಲೇ ನೋಡಿ. ಗಂಡಸರ 1500ಕ್ಕೆ ಅರ್ಹತಾ ಸಮಯ 3:33.00 ಇತ್ತು. ಫೈನಲ್ ಗೆದ್ದ ಪೋರ್ಚುಗಲಿನ ಇಸಾಕ್ ನಾಡೆರ್ ಸಮಯ 3:34.10! ಎರಡನೆಯವರಿಗೂ ಅವರಿಗೂ ಇದ್ದ ಅಂತರ 0.02 ಸೆಕೆಂಡು. ಹೀಟ್ಸ್, ಸೆಮಿ, ಫೈನಲ್ ಅಂತ ಕೆಲವೇ ದಿನದಲ್ಲಿ ಮೂರು ಸಲ ಓಡಿ, ಮೂರನೇ ಸಲವೂ ಕೊನೆಯ 200 ಮೀಟರಿನಲ್ಲಿ ಕಾಲಿನಲ್ಲಿ ಏನಾದರೂ ಉಳಿದಿರಬೇಕು. ಅದೇ ಕೂಟಕ್ಕೆ ಅಮೆರಿಕದ ಕೂಪರ್ ಲುಟ್ಕೆನ್‌ಹೌಸ್ ಬಂದಿದ್ದ. ಹದಿನಾರು ವರ್ಷ, ಆಗಸ್ಟಿನಲ್ಲಿ 1:42.27 ಓಡಿ ಲೋಕವನ್ನೇ ಬೆರಗು ಮಾಡಿದವನು. ಟೋಕಿಯೊದಲ್ಲಿ ಹೀಟ್ಸ್ ದಾಟಲಿಲ್ಲ. ಅದು ಅವನಿಗೆ ಸೋಲಲ್ಲ, ಕಲಿಕೆ. ಇನ್ನೊಂದು ಕಡೆ ಬ್ರಿಟನ್ನಿನ ಜಾರ್ಜಿಯಾ ಹಂಟರ್ ಬೆಲ್, ಸಣ್ಣ ವಯಸ್ಸಿನಲ್ಲಿ ಚೆನ್ನಾಗಿ ಓಡಿ, ಓಟವನ್ನೇ ಬಿಟ್ಟು, ಮತ್ತೆ ಬಂದು ಮೂವತ್ತರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 1500ರಲ್ಲಿ ಕಂಚು ಗೆದ್ದರು.

ಹಾಸ್ಟೆಲಿಗೆ ಕಳಿಸಬೇಕಾ ಅನ್ನುವುದು ನಮ್ಮ ಗಡಿಯವರ ದೊಡ್ಡ ತಲೆಬಿಸಿ. ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರ, ಭಾಷೆ ಮಲಯಾಳಂ. ಮಂಗಳೂರು, ಮೂಡುಬಿದಿರೆ ಹತ್ತಿರ, ಆದರೆ ಅಲ್ಲಿ ಸೇರಿದರೆ ಕರ್ನಾಟಕದ ಪರ ಓಡಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಪ್ಲಸ್ ಟು ಮುಗಿಯುವವರೆಗೆ ಮನೆಯಲ್ಲೇ ಇರಲಿ. ಸಿಂಥೆಟಿಕ್ ಟ್ರ್ಯಾಕ್ ಬೇಕಾದಾಗ ಮಂಗಳೂರಿನ ಮಂಗಳಾ ಸ್ಟೇಡಿಯಮ್ಮಿಗೋ ನೀಲೇಶ್ವರಕ್ಕೋ ಬಸ್ಸಿನಲ್ಲಿ ಹೋಗಿ ಬಂದರಾಯಿತು, ಈ ವಯಸ್ಸಿಗೆ ವಾರಕ್ಕೆ ಒಂದು ದಿನ ಸಾಕು. ಹದಿನೆಂಟರ ಮೇಲೆ ಕಳಿಸಿ, ಅಷ್ಟರಲ್ಲಿ ನಿದ್ದೆ, ಊಟ, ನೋವು ಇವುಗಳ ಬಗ್ಗೆ ತಾನೇ ಬಾಯಿ ಬಿಟ್ಟು ಹೇಳುವಷ್ಟು ಮಗು ಬೆಳೆದಿರುತ್ತದೆ.

ಈ ಹುಡುಗಿಗೆ ಸದ್ಯ ನಾನು ಹಾಕಿದ ಲೆಕ್ಕ ಹೀಗೆ. ಈ ಸೀಸನ್ನಿನಲ್ಲಿ 400 ಮತ್ತು 800 ಮಾತ್ರ. 59ರ 400ನ್ನು 58ಕ್ಕೆ ತರಬೇಕು, ಎರಡು ಸುತ್ತಿನ ಅಂತರ ಎಂಟರಿಂದ ಐದಕ್ಕೆ ಇಳಿಯಬೇಕು. ಹಾಗಾದರೆ 2:10 ಹತ್ತಿರ ಬರುತ್ತಾಳೆ. ಅಭ್ಯಾಸದಲ್ಲಿ ಹುಡುಗರ ಗುಂಪಿನ ಮಧ್ಯೆ ಓಡಿಸುತ್ತಿದ್ದೇನೆ, ತಳ್ಳಾಟ ಅಭ್ಯಾಸ ಆಗಲಿ ಅಂತ. ಹತ್ತೊಂಬತ್ತಕ್ಕೆ 2:06 ದಾಟಿದ್ದರೆ ದೇಶದ ಒಳ್ಳೆಯ ಶಿಬಿರದ ಬಾಗಿಲು ತಟ್ಟುವ ಧೈರ್ಯ ಮಾಡಬಹುದು. 2:10ರಲ್ಲೇ ನಿಂತರೆ 1500 ಪ್ರಯತ್ನಿಸೋಣ. ನಿಮ್ಮ ಮಗುವಿನ ಬಗ್ಗೆ ಕೇಳಲು ಬರುವವರು ಮೆಡಲು, ಸರ್ಟಿಫಿಕೇಟಿನ ಫೈಲು ತರಬೇಕಾಗಿಲ್ಲ. ಕಳೆದ ಎರಡು ವರ್ಷದ ಟೈಮಿಂಗ್, ಸುತ್ತು ಸುತ್ತಿನದ್ದು ಇದ್ದರೆ ಅದು, ಈಚಿನ ರಕ್ತ ಪರೀಕ್ಷೆಯ ಚೀಟಿ, ವಾರದಲ್ಲಿ ಯಾವ ದಿನ ಏನು ಓಡಿತು ಅಂತ ಬರೆದಿಟ್ಟ ಪುಸ್ತಕ, ಇಷ್ಟು ತನ್ನಿ. ಪುಸ್ತಕ ಇಲ್ಲದಿದ್ದರೆ ನಾಳೆಯಿಂದ ಬರೆಯಲು ಶುರು ಮಾಡಿ, ಎರಡು ತಿಂಗಳು ಬಿಟ್ಟು ಬನ್ನಿ.