ಹೊಟ್ಟೆಯ ಸಂಕೇತಕ್ಕೆ ಬೆನ್ನಿನ ತಡೆ

ಆಫ್ರಿಕಾ ಮೂಲದ ಕ್ಸೆನೋಪಸ್ ಕಪ್ಪೆಯ ಭ್ರೂಣ ಮೊದಲ ಕೆಲವು ಗಂಟೆ ಬರೀ ಒಂದು ಗೋಲಿಯಂತಿರುತ್ತದೆ. ಅಡ್ಡಳತೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಮೇಲ್ಪದರದ ಕೋಶಗಳಲ್ಲಿ ಕೆಲವು ಚರ್ಮವಾಗುತ್ತವೆ, ಕೆಲವು ಮಿದುಳಾಗುತ್ತವೆ. ಯಾವುದು ಏನಾಗಬೇಕೆಂದು ಗೊತ್ತುಮಾಡುವವರು ಯಾರು?

1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡ ಮಾಂಗೋಲ್ಡ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಮೊದಲ ಸುಳಿವು ಕೊಟ್ಟಿತು. ಕಪ್ಪೆಯ ಹತ್ತಿರದ ಬಂಧುವಾದ ನ್ಯೂಟ್‌ನ ಭ್ರೂಣದಿಂದ, ಬೆನ್ನಾಗಲಿರುವ ಕಡೆಯ ಒಂದು ಚೂರನ್ನು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ಕಸಿಮಾಡಿದರು. ಅಲ್ಲಿ ಎರಡನೆಯದೊಂದು ದೇಹವೇ ರೂಪುಗೊಂಡಿತು. ದಾನಿ ಮತ್ತು ಆತಿಥೇಯ ಭ್ರೂಣಗಳು ಬೇರೆ ಬೇರೆ ಬಣ್ಣದ ಪ್ರಭೇದಗಳಿಗೆ ಸೇರಿದ್ದರಿಂದ ಯಾವ ಕೋಶ ಯಾರದ್ದೆಂದು ಗುರುತಿಸಬಹುದಿತ್ತು. ಹೊಸ ನರಮಂಡಲದ ಬಹುಪಾಲು ಕೋಶಗಳು ಆತಿಥೇಯದವೇ! ಕಸಿಮಾಡಿದ ಚೂರು ಸುತ್ತಲಿನ ಕೋಶಗಳ ಹಣೆಬರಹವನ್ನೇ ಬದಲಿಸಿತ್ತು. ಅದೇ ವರ್ಷ ಹಿಲ್ಡ ಬೆಂಕಿ ಅವಘಡದಲ್ಲಿ ತೀರಿಕೊಂಡರು. 1935ರ ನೊಬೆಲ್ ಸ್ಪೆಮಾನ್‌ರಿಗೆ ಬಂತು. ಈ ಪ್ರಯೋಗದ ಮಾತು ಬಂದಾಗಲೆಲ್ಲ ಇಬ್ಬರ ಹೆಸರನ್ನೂ ಹೇಳಲೇಬೇಕು ಎಂಬುದು ನನ್ನ ನಿಲುವು.

ಆ ಚೂರು ಸ್ರವಿಸುವ ವಸ್ತು ಯಾವುದು? ದಶಕಗಳ ಹುಡುಕಾಟ ದಿಕ್ಕು ತಪ್ಪಿತು. ಸತ್ತ ಅಂಗಾಂಶವನ್ನು ಇಟ್ಟರೂ ನರಕೋಶಗಳು ಹುಟ್ಟುತ್ತಿದ್ದವು. ಉತ್ತರ ಸಿಗತೊಡಗಿದ್ದು 1990ರ ದಶಕದಲ್ಲಿ. ಅತಿನೇರಳೆ ಕಿರಣ ತಾಗಿಸಿದ ಮೊಟ್ಟೆಗಳಿಂದ ಬೆನ್ನೂ ತಲೆಯೂ ಇಲ್ಲದ ಭ್ರೂಣಗಳು ಬರುತ್ತವೆ. ಅಂಥವಕ್ಕೆ ಬಗೆಬಗೆಯ ಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಅಣು) ಚುಚ್ಚಿ, ಯಾವುದರಿಂದ ದೇಹ ಮರಳಿ ರೂಪುಗೊಳ್ಳುತ್ತದೆಂದು ಸ್ಮಿತ್ ಮತ್ತು ಹಾರ್ಲಂಡ್ ಹುಡುಕಿದರು. 1992ರಲ್ಲಿ ಸಿಕ್ಕಿದ್ದು ನಾಗಿನ್ ಎಂಬ ಪ್ರೋಟೀನ್. 1994ರಲ್ಲಿ ಡಿ ರೊಬರ್ಟಿಸ್ ಅವರ ತಂಡ ಕಾರ್ಡಿನ್ ಅನ್ನು ಕಂಡಿತು.

‘ನರವಾಗು’ ಎಂದು ಈ ಪ್ರೋಟೀನ್‌ಗಳು ಕೋಶಕ್ಕೆ ಆಜ್ಞೆ ಕೊಡುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದು ಬೇರೆಯೇ. ಭ್ರೂಣದಲ್ಲಿ ಹೊಟ್ಟೆಯ ಕಡೆಯ ಸಂಕೇತ ಕೊಡುವ ಬಿಎಂಪಿ ಎಂಬ ಇನ್ನೊಂದು ಗುಂಪಿನ ಪ್ರೋಟೀನ್‌ಗಳಿವೆ. ಮೂಳೆ ಬೆಳೆಸುವ ಗುಣದಿಂದ ಮೊದಲು ಗುರುತಿಗೆ ಬಂದ ಇವು ಇಲ್ಲಿ ಮೇಲ್ಪದರದ ಕೋಶಗಳನ್ನು ಚರ್ಮದ ದಾರಿಗೆ ಹಚ್ಚುತ್ತವೆ. ಬೆನ್ನಿನ ಕಡೆಯ ಆ ಚೂರು ಸ್ರವಿಸುವ ನಾಗಿನ್, ಕಾರ್ಡಿನ್ ಕೋಶಗಳ ನಡುವಿನ ಜಾಗದಲ್ಲೇ ಬಿಎಂಪಿಯನ್ನು ಹಿಡಿದುಕೊಂಡು, ಅದು ಕೋಶದ ಗ್ರಾಹಕವನ್ನು ಮುಟ್ಟದಂತೆ ತಡೆಯುತ್ತವೆ. ಚರ್ಮದ ಸಂಕೇತ ತಲುಪದ ಕೋಶ ತಾನಾಗಿಯೇ ನರದ ಹಾದಿ ಹಿಡಿಯುತ್ತದೆ. ಮೇಲ್ಪದರದ ಕೋಶಗಳನ್ನು ಒಂದರಿಂದೊಂದು ಬಿಡಿಸಿ ಕೆಲವು ಗಂಟೆ ಇಟ್ಟರೆ ಅವು ನರಕೋಶಗಳಾಗುವುದನ್ನು 1989ರಲ್ಲೇ ಗಮನಿಸಿದ್ದರು. ಬಿಡಿಬಿಡಿಯಾದ ಕೋಶಗಳ ನಡುವೆ ಬಿಎಂಪಿ ಚದುರಿಹೋಗುತ್ತದೆ ಎಂಬುದರಿಂದ ಆ ಒಗಟೂ ಬಿಡಿಸಿಕೊಂಡಿತು. 2005ರಲ್ಲಿ ಇದೇ ಕಲ್ಪನೆಯನ್ನು ಎರಡೂ ಕಡೆಯಿಂದ ಪರೀಕ್ಷಿಸಿದರು: ನಾಗಿನ್, ಕಾರ್ಡಿನ್ ಮತ್ತು ಅವುಗಳಂತೆಯೇ ತಡೆಯೊಡ್ಡುವ ಫಾಲಿಸ್ಟಾಟಿನ್ ಮೂರನ್ನೂ ಒಟ್ಟಿಗೆ ತಗ್ಗಿಸಿದಾಗ ನರಮಂಡಲದ ಮೊದಲ ರೂಪವಾದ ನರಫಲಕವೇ ಮೂಡಲಿಲ್ಲ, ಮೂರು ಬಿಎಂಪಿಗಳ ಜೊತೆಗೆ ಅವುಗಳ ಬಂಧು ಎಡಿಎಂಪಿಯನ್ನೂ ತಗ್ಗಿಸಿದಾಗ ಇಡೀ ಮೇಲ್ಪದರ ನರ ಅಂಗಾಂಶವಾಯಿತು.

ತಲೆಯ ವಿಚಾರದಲ್ಲಿ ಇನ್ನೊಂದು ತಡೆಯೂ ಬೇಕು. ಡಿಕ್‌ಕಾಫ್ ಎಂಬ ಪ್ರೋಟೀನ್ ವಿಂಟ್ ಎಂಬ ಬೇರೊಂದು ಸಂಕೇತವನ್ನು ಅಡ್ಡಗಟ್ಟಿದಾಗಲೇ ಮುಂಭಾಗದಲ್ಲಿ ತಲೆ ಮೂಡುತ್ತದೆ.

ನನ್ನನ್ನು ಹೆಚ್ಚು ಬೆರಗಾಗಿಸುವುದು ನೊಣದ ಸಂಗತಿ. ಹಣ್ಣಿನ ನೊಣದಲ್ಲಿ ಕಾರ್ಡಿನ್‌ಗೆ ಸಮನಾದ ಪ್ರೋಟೀನ್ ಸಾಗ್, ಬಿಎಂಪಿಗೆ ಸಮನಾದದ್ದು ಡಿಪಿಪಿ. ಸಾಗ್ ತಯಾರಾಗುವುದು ಹೊಟ್ಟೆಯ ಕಡೆ, ನೊಣದ ನರಹುರಿ ಇರುವುದೂ ಅಲ್ಲೇ. ಸಾಗ್‌ನ ಆರ್‌ಎನ್‌ಎಯನ್ನು ಕಪ್ಪೆಯ ಭ್ರೂಣಕ್ಕೆ ಚುಚ್ಚಿದರೆ ಅದು ಬೆನ್ನಿನ ಅಂಗಾಂಶವನ್ನು ಮೂಡಿಸುತ್ತದೆ. ಕೀಟ, ಸಿಗಡಿಗಳ ದೇಹವನ್ನು ಮಗುಚಿ ಹಾಕಿದರೆ ಬೆನ್ನೆಲುಬಿನ ಪ್ರಾಣಿಗಳ ದೇಹದ ಯೋಜನೆಯೇ ಕಾಣುತ್ತದೆಂದು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೆಫ್ರಾಯ್ ಸಾಂತಿಲೇರ್ 1822ರಲ್ಲಿ ವಾದಿಸಿದ್ದರು. ಹೆಚ್ಚಿನವರು ಒಪ್ಪದೆ ಬಿಟ್ಟಿದ್ದ ಆ ವಾದಕ್ಕೆ ನೂರೆಪ್ಪತ್ತು ವರ್ಷಗಳ ಬಳಿಕ ಸಾಗ್ ಮತ್ತು ಕಾರ್ಡಿನ್ ಬಲ ಕೊಟ್ಟವು.