ಹೆಸರಿಲ್ಲದೆ ಕೂತ ಹೆಂಗಸು: ರೋಮ್ ಅರಮನೆಯ ತಾಯಂದಿರ ಅಧಿಕಾರ ಎಲ್ಲಿಂದ ಬಂತು?

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್‌ನ ಬೆಳ್ಳಿ ನಾಣ್ಯಗಳು ಸಿಕ್ಕಿದ್ದು ಎಷ್ಟೋ ಜನರಿಗೆ ಗೊತ್ತು. ಬೆಂಗಳೂರಿನ ಯಶವಂತಪುರದ ಹತ್ತಿರವೂ ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಹೀಗೆ ಸಿಗುವ ನಾಣ್ಯಗಳಲ್ಲಿ ಟೈಬೀರಿಯಸ್ ಚಕ್ರವರ್ತಿಯ ಕಾಲದವು ಜಾಸ್ತಿ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ನಾಣ್ಯದ ಒಂದು ಮುಖದಲ್ಲಿ ಅವನ ತಲೆ ಇದೆ. ತಿರುಗಿಸಿದರೆ ಕುರ್ಚಿ ಮೇಲೆ ಒಬ್ಬ ಹೆಂಗಸು, ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ಒಂದು ರೆಂಬೆ. ಸುತ್ತ ಬರೆದಿರುವುದು ಟೈಬೀರಿಯಸ್‌ನ ಬಿರುದು, ಪ್ರಧಾನ ಅರ್ಚಕ ಅಂತ. ಆ ಹೆಂಗಸಿನ ಹೆಸರು ಮಾತ್ರ ಎಲ್ಲೂ ಇಲ್ಲ.

ಶಾಂತಿ ದೇವತೆ ಅನ್ನುವವರಿದ್ದಾರೆ. ಆದರೆ ಇದು ಟೈಬೀರಿಯಸ್‌ನ ತಾಯಿ ಲಿವಿಯಾ ಅಂತ ಹೇಳುವ ವಿದ್ವಾಂಸರೂ ಬಹಳ. ನನಗನಿಸುವುದು, ನೋಡಿದವರು ಹೇಗೆ ಬೇಕಾದರೂ ಅಂದುಕೊಳ್ಳಲಿ ಅಂತಲೇ ಹಾಗೆ ಬಿಟ್ಟಿದ್ದಾರೆ. ರೋಮ್‌ನಲ್ಲಿ ಹೆಂಗಸಿಗೆ ಮತ ಇಲ್ಲ, ಸೆನೆಟ್‌ನಲ್ಲಿ ಜಾಗ ಇಲ್ಲ, ಸೈನ್ಯ ನಡೆಸುವ ಹಾಗಿಲ್ಲ, ಆಡಳಿತದ ಯಾವ ಹುದ್ದೆಯೂ ಇಲ್ಲ. ಆದರೂ ಸುಮಾರು 270 ವರ್ಷ ಅರಮನೆಯ ಮನೆತನಗಳ ಹೆಂಗಸರು ಚಕ್ರವರ್ತಿಗಳನ್ನು ಕೂರಿಸಿದರು, ಉಳಿಸಿದರು, ಕೆಲವು ಸಲ ಇಳಿಸಿದರು ಕೂಡ. ಹುದ್ದೆಯೇ ಇಲ್ಲದೆ ಇದು ಸಾಧ್ಯವಾಗಿದ್ದು ಹೇಗೆ ಅಂತ ಕೇಳಿದರೆ, ಲಿವಿಯಾಳಿಂದಲೇ ಶುರು ಮಾಡಬೇಕು.

ಅವಳ ಮದುವೆ ಕಥೆಯೇ ವಿಚಿತ್ರ. ಮೊದಲ ಗಂಡ, ಮುಂದೆ ರೋಮ್‌ನ ಮೊದಲ ಚಕ್ರವರ್ತಿಯಾದ ಆಕ್ಟೇವಿಯನ್‌ನ ವಿರೋಧಿ ಪಕ್ಷದವನು. ಗಂಡ ಹೆಂಡತಿ ಕೈಕೂಸು ಟೈಬೀರಿಯಸ್‌ನನ್ನು ಎತ್ತಿಕೊಂಡು ಊರೂರು ತಪ್ಪಿಸಿಕೊಂಡು ಓಡಿದವರು. ಕ್ರಿ.ಪೂ. 38ರ ಜನವರಿಯಲ್ಲಿ, ಎರಡನೇ ಮಗು ಹೊಟ್ಟೆಯಲ್ಲಿರುವಾಗಲೇ, ಅದೇ ಆಕ್ಟೇವಿಯನ್‌ನ ಜೊತೆ ಅವಳ ಮದುವೆ ಆಯಿತು. ಹಳೇ ಗಂಡನೇ ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದುಕೊಟ್ಟ ಹಾಗೆ ಒಪ್ಪಿಸಿದನಂತೆ. ಆ ಸಂಸಾರ 51 ವರ್ಷ ನಡೆಯಿತು. ಅಷ್ಟರಲ್ಲಿ ಆಕ್ಟೇವಿಯನ್ ಆಗಸ್ಟಸ್ ಆಗಿದ್ದ, ಗಣರಾಜ್ಯ ಹೆಸರಿಗಷ್ಟೇ ಉಳಿದಿತ್ತು.

ಕ್ರಿ.ಪೂ. 35ರಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಆಗಸ್ಟಸ್‌ನ ಅಕ್ಕ ಆಕ್ಟೇವಿಯಾಗೂ ಲಿವಿಯಾಗೂ ಮೂರು ವಿಷಯ ಒಟ್ಟಿಗೆ ಸಿಕ್ಕವು. ಊರಿನಲ್ಲಿ ಪ್ರತಿಮೆ ನಿಲ್ಲಿಸಬಹುದು. ಆಸ್ತಿಪಾಸ್ತಿ ವ್ಯವಹಾರಕ್ಕೆ ಗಂಡಸೊಬ್ಬ ಪೋಷಕನಾಗಿ ಸಹಿ ಹಾಕಬೇಕಿಲ್ಲ. ಮೂರನೆಯದು, ಅವರನ್ನು ಅವಮಾನ ಮಾಡಿದರೆ ಜನರ ಪ್ರತಿನಿಧಿಗಳಾದ ಟ್ರಿಬ್ಯೂನ್‌ಗಳನ್ನು ಅವಮಾನ ಮಾಡಿದಷ್ಟೇ ಅಪರಾಧ. ಆಕ್ಟೇವಿಯಾ ಆಗ ಆಕ್ಟೇವಿಯನ್‌ನ ಪೈಪೋಟಿಗಾರ ಮಾರ್ಕ್ ಆಂಟನಿಯ ಹೆಂಡತಿ, ಆಂಟನಿ ಇದ್ದದ್ದು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಜೊತೆ. ಅಂದರೆ ಹೆಂಡತಿಯನ್ನು ಕೈಬಿಟ್ಟಿದ್ದು ಮನೆ ಜಗಳವಾಗಿ ಉಳಿಯದೆ ರಾಜ್ಯದ ಜಗಳವಾಗಲಿ ಅನ್ನುವ ಲೆಕ್ಕ ಇದರಲ್ಲಿತ್ತು ಅಂತ ಕಾಣುತ್ತದೆ. ಲೆಕ್ಕ ಯಾವುದೇ ಇರಲಿ, ಹುದ್ದೆ ಇಲ್ಲದ ಇಬ್ಬರು ಹೆಂಗಸರಿಗೆ ಹುದ್ದೆಗೆ ಇರುವ ರಕ್ಷಣೆ ಸಿಕ್ಕಿಬಿಟ್ಟಿತು.

ಹೊರಗಡೆ ಮಾತ್ರ ಎಲ್ಲಾ ಸಂಪ್ರದಾಯದ ಪ್ರಕಾರ. ಹೆಂಡತಿ, ಅಕ್ಕ, ಮಗಳು ಮನೆಯಲ್ಲಿ ಮಾಡಿದ ಬಟ್ಟೆಯನ್ನೇ ಆಗಸ್ಟಸ್ ಉಡುತ್ತಿದ್ದ ಅಂತ ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ಯುಟೋನಿಯಸ್ ಹೇಳುತ್ತಾನೆ. ಅವನೇ ಇನ್ನೊಂದು ಕಡೆ ಹೇಳುವುದು ಕೇಳಿ: ಗಂಭೀರ ವಿಷಯ ಇದ್ದರೆ ಆಗಸ್ಟಸ್ ಲಿವಿಯಾಳ ಹತ್ತಿರ ಮಾತಾಡುವಾಗಲೂ ಮೊದಲೇ ಬರೆದುಕೊಂಡು ಹೋಗಿ ಓದುತ್ತಿದ್ದನಂತೆ. ಹೆಂಡತಿ ಜೊತೆ ಮಾತಾಡಲು ಟಿಪ್ಪಣಿ! ಒಬ್ಬ ಮಂತ್ರಿಯ ಜೊತೆ ಸಭೆ ಇದ್ದ ಹಾಗೆ ಅಲ್ವಾ.

ಹಾಗಂತ ಅವಳು ಹೇಳಿದ್ದೆಲ್ಲಾ ನಡೆಯುತ್ತಿರಲಿಲ್ಲ. ಸೇಮೋಸ್ ದ್ವೀಪದವರು ತೆರಿಗೆ ವಿನಾಯಿತಿ, ಸ್ವಾತಂತ್ರ್ಯ ಕೇಳಿದಾಗ ಆಗಸ್ಟಸ್ ಬರೆದ ಉತ್ತರ ಇವತ್ತಿನ ಟರ್ಕಿಯ ಅಫ್ರೋಡೀಸಿಯಾಸ್‌ನಲ್ಲಿ ಕಲ್ಲಿನ ಮೇಲೆ ಉಳಿದಿದೆ. ನನ್ನ ಹೆಂಡತಿ ನಿಮ್ಮ ಪರವಾಗಿ ಬಹಳ ಆಸಕ್ತಿಯಿಂದ ಕೇಳುತ್ತಿದ್ದಾಳೆ, ಅವಳ ಮಾತು ನಡೆಸಿಕೊಡುವ ಆಸೆ ನನಗೂ ಇದೆ, ಆದರೆ ಇದನ್ನು ಕೊಡಲಾಗದು ಅನ್ನುವ ಧಾಟಿಯಲ್ಲಿದೆ ಅದು. ಶಿಫಾರಸು ಬಿದ್ದುಹೋಯಿತು, ಸರಿ. ಆದರೆ ಅವಳು ಶಿಫಾರಸು ಮಾಡಿದ್ದಳು ಅಂತ ಚಕ್ರವರ್ತಿಯೇ ಒಪ್ಪಿಕೊಂಡಿದ್ದಾನೆ.

ಆಗಸ್ಟಸ್ ಸತ್ತದ್ದು ಕ್ರಿ.ಶ. 14ರಲ್ಲಿ. ಉಯಿಲಿನ ಪ್ರಕಾರ ಆಸ್ತಿಯಲ್ಲಿ ಮೂರನೇ ಒಂದು ಪಾಲು ಲಿವಿಯಾಗೆ, ಜೊತೆಗೆ ದತ್ತು ತೆಗೆದುಕೊಂಡು ಜೂಲಿಯಾ ಆಗಸ್ಟಾ ಅನ್ನುವ ಹೆಸರು. ಗಂಡನೇ ಹೆಂಡತಿಯನ್ನು ಮಗಳಾಗಿ ದತ್ತು ತೆಗೆದುಕೊಂಡ ಹಾಗಾಯಿತು. 'ಆಗಸ್ಟಾ' ಅನ್ನುವ ಬಿರುದು ಹುಟ್ಟಿದ್ದು ಹೀಗೆ. ಸೆನೆಟ್ ಅವಳಿಗೆ 'ದೇಶದ ತಾಯಿ' ಅಂತ ಇನ್ನೊಂದು ಬಿರುದು ಕೊಡಲು ಹೊರಟಿತು. ಮಗ ಟೈಬೀರಿಯಸ್ ಬೇಡ ಅಂದ.

ಇದರ ನಂತರದ ಕಥೆಯನ್ನು ನಾವು ಓದುವುದು ಮುಖ್ಯವಾಗಿ ಟ್ಯಾಸಿಟಸ್, ಕ್ಯಾಸಿಯಸ್ ಡಿಯೋ ಥರದ ಇತಿಹಾಸಕಾರರಿಂದ. ಇಬ್ಬರೂ ಸೆನೆಟರ್‌ಗಳು. ಅರಮನೆಯ ಒಳಗೆ ಯಾರಾದರೂ ಸತ್ತರೆ ಇಂಥ ಬರಹಗಳಲ್ಲಿ ಒಬ್ಬ ಹೆಂಗಸು, ಒಂದಿಷ್ಟು ವಿಷ ಬಂದೇ ಬರುತ್ತದೆ. ಲಿವಿಯಾ ಮರದಲ್ಲಿದ್ದ ಅಂಜೂರಕ್ಕೆ ವಿಷ ಸವರಿ ಗಂಡನಿಗೆ ತಿನ್ನಿಸಿದಳು ಅನ್ನುವ ವದಂತಿಯನ್ನು ಡಿಯೋ ಬರೆದದ್ದು ಘಟನೆ ನಡೆದು ಸುಮಾರು 200 ವರ್ಷದ ಮೇಲೆ. ಸತ್ತ ಆಗಸ್ಟಸ್‌ಗೆ ಆಗ 75 ವರ್ಷ. ಆ ವಯಸ್ಸಿಗೆ ಅಂಜೂರದ ಸಹಾಯ ಬೇಕಿತ್ತಾ?

ಅದಕ್ಕೇ ನನಗೆ ಸ್ಪೇನ್‌ನ ತಾಮ್ರಮಿಶ್ರಿತ ಫಲಕ ತುಂಬಾ ಇಷ್ಟ. ಕ್ರಿ.ಶ. 20ರಲ್ಲಿ ಪಿಸೋ ಅನ್ನುವ ದೊಡ್ಡ ಮನುಷ್ಯನ ವಿಚಾರಣೆ ನಡೆಯಿತು. ಟೈಬೀರಿಯಸ್‌ನ ದತ್ತುಮಗ ಜರ್ಮ್ಯಾನಿಕಸ್‌ನ ಸಾವಿಗೆ ಅವನೇ ಕಾರಣ ಅಂತ ಆರೋಪ. ಪಿಸೋ ಜೀವ ಕಳೆದುಕೊಂಡ, ಆದರೆ ಅವನ ಹೆಂಡತಿ ಪ್ಲಾಂಕಿನಾ ಬಚಾವಾದಳು. ಅವಳು ಲಿವಿಯಾಳ ಗೆಳತಿ. ಲಿವಿಯಾ ಹೇಳಿ ಬಿಡಿಸಿದಳು ಅಂತ ಟ್ಯಾಸಿಟಸ್ ಕೋಪದಿಂದ ಬರೆದಿದ್ದ. ಇದು ಅವನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬಹುದಿತ್ತು. ಆದರೆ ಆ ತೀರ್ಪಿನ ಪ್ರತಿಗಳೇ ಸ್ಪೇನ್‌ನಲ್ಲಿ ಸಿಕ್ಕಿ, 1996ರಲ್ಲಿ ಪ್ರಕಟವಾದವು. ಸೆನೆಟ್ ಅದರಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದೆ: ಲಿವಿಯಾ ಕೇಳಿಕೊಂಡಿದ್ದಕ್ಕೆ ಬಿಡುತ್ತಿದ್ದೇವೆ. ಅವಳು ಚಕ್ರವರ್ತಿಯನ್ನು ಹೆತ್ತವಳು, ಎಲ್ಲಾ ಅಂತಸ್ತಿನ ಜನರಿಗೂ ಉಪಕಾರ ಮಾಡಿದವಳು, ಸೆನೆಟ್ ಮೇಲೆ ಅವಳಿಗೆ ದೊಡ್ಡ ಪ್ರಭಾವ ಇರುವುದು ನ್ಯಾಯವೇ, ಅದನ್ನು ಅವಳು ಬಳಸುವುದು ಬಹಳ ಕಡಿಮೆ. ತೆರೆಮರೆಯ ಮಾತು ಅಂದುಕೊಂಡಿದ್ದನ್ನು ಅವರೇ ಲೋಹದಲ್ಲಿ ಕೆತ್ತಿಸಿ ಊರೂರಿಗೆ ಕಳಿಸಿದ್ದರು!

ಲಿವಿಯಾ 86ನೇ ವಯಸ್ಸಿಗೆ, ಕ್ರಿ.ಶ. 29ರಲ್ಲಿ ತೀರಿಕೊಂಡಳು. ಮಗ ಅಂತ್ಯಕ್ರಿಯೆಗೂ ಬರಲಿಲ್ಲ. ಅವಳನ್ನು ದೇವತೆ ಅಂತ ಘೋಷಿಸಿದ್ದು ಆಗ ಚಕ್ರವರ್ತಿಯಾಗಿದ್ದ ಮೊಮ್ಮಗ ಕ್ಲಾಡಿಯಸ್, 42ರಲ್ಲಿ.

ಲಿವಿಯಾ ಎಚ್ಚರದಿಂದ ಮುಟ್ಟದೇ ಬಿಟ್ಟ ಗೆರೆಯನ್ನು ದಾಟಿದವಳು ಅವಳ ಮರಿಮಗಳು ಅಗ್ರಿಪ್ಪಿನಾ. ಚಕ್ರವರ್ತಿ ಕ್ಯಾಲಿಗುಲಾನ ತಂಗಿ, ಮುಂದೆ ಚಕ್ರವರ್ತಿಯಾದ ನೀರೋನ ತಾಯಿ. 49ರಲ್ಲಿ ಕ್ಲಾಡಿಯಸ್‌ನನ್ನು ಮದುವೆಯಾದಳು, ಅಂದರೆ ಸ್ವಂತ ಚಿಕ್ಕಪ್ಪನನ್ನು. ಇದಕ್ಕೆ ಕಾನೂನನ್ನೇ ಬದಲಾಯಿಸಬೇಕಾಯಿತು. ನಮ್ಮ ಕಡೆಯವರಿಗೆ ಇಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಮಾಮೂಲು, ಅಣ್ಣನ ಮಗಳು ಅಂದರೆ ಮಗಳೇ, ಆ ಮಾತೇ ಎತ್ತುವ ಹಾಗಿಲ್ಲ. ರೋಮ್‌ನ ಹೊಸ ಕಾನೂನು ಇದಕ್ಕೆ ಸರಿಯಾಗಿ ಉಲ್ಟಾ: ಅಣ್ಣನ ಮಗಳಾದರೆ ಆಗಬಹುದು, ಅಕ್ಕನ ಮಗಳು ಕೂಡದು. ಒಬ್ಬನ ಮದುವೆಗೆ ಅಳತೆ ತೆಗೆದು ಹೊಲಿದ ಕಾನೂನು.

50ರಲ್ಲಿ ಅವಳಿಗೆ ಆಗಸ್ಟಾ ಬಿರುದು ಬಂತು, ಗಂಡ ಆಳುತ್ತಿರುವಾಗಲೇ. ಅವಳು ಹುಟ್ಟಿದ ಊರಿಗೆ ಅವಳ ಹೆಸರು ಬಿತ್ತು; ಅದೇ ಇವತ್ತಿನ ಜರ್ಮನಿಯ ಕೊಲೋನ್. ಬ್ರಿಟನ್‌ನಿಂದ ಸೆರೆ ಹಿಡಿದು ತಂದ ದೊರೆ ಕರಾಟಕಸ್‌ಗೆ ಕ್ಷಮೆ ಸಿಕ್ಕಾಗ, ಅವನು ಕ್ಲಾಡಿಯಸ್‌ಗೆ ನಮಸ್ಕಾರ ಮಾಡಿ, ಹತ್ತಿರದಲ್ಲೇ ಬೇರೆ ವೇದಿಕೆ ಮೇಲೆ ಕೂತಿದ್ದ ಅಗ್ರಿಪ್ಪಿನಾಗೂ ಹಾಗೇ ನಮಸ್ಕರಿಸಿದ. ರೋಮ್‌ನ ಸೈನ್ಯದ ಧ್ವಜಗಳ ಮುಂದೆ ಹೆಂಗಸೊಬ್ಬಳು ಕೂರುವುದು ಹೊಸದು ಅಂತ ಟ್ಯಾಸಿಟಸ್ ಹುಬ್ಬು ಗಂಟಿಕ್ಕುತ್ತಾನೆ.

54ರಲ್ಲಿ ಕ್ಲಾಡಿಯಸ್ ಸತ್ತ. ಅಣಬೆಯಲ್ಲಿ ವಿಷ ಅಂತ ಮತ್ತೆ ಅದೇ ಅಡುಗೆಮನೆ ಕಥೆ, ಈ ಸಲ ನಂಬುವವರು ಸ್ವಲ್ಪ ಜಾಸ್ತಿ. 16 ವರ್ಷದ ನೀರೋ ಪಟ್ಟಕ್ಕೆ ಬಂದ. ಈಗ ಆ ವರ್ಷದ ಚಿನ್ನದ ನಾಣ್ಯ ನೋಡಿ. ತಾಯಿ ಮಗ ಮುಖಾಮುಖಿ, ಒಬ್ಬರ ಮೂಗಿಗೆ ಇನ್ನೊಬ್ಬರ ಮೂಗು ಎದುರಾಗಿ. ಸುತ್ತಲಿನ ಬರಹ ಅಗ್ರಿಪ್ಪಿನಾಳದು. ಮಗನ ಬಿರುದುಗಳು ಹಿಂದಿನ ಮುಖಕ್ಕೆ ಹೋಗಿವೆ. 55ರ ನಾಣ್ಯದಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿದ್ದಾರೆ, ನೀರೋ ಮುಂದೆ, ತಾಯಿ ಅವನ ಹಿಂದಿನಿಂದ ಇಣುಕಿದ ಹಾಗೆ, ಹೆಸರುಗಳೂ ಅದಲುಬದಲು. ಆಮೇಲೆ ಅವಳ ಮುಖ ರೋಮ್‌ನ ಚಿನ್ನ ಬೆಳ್ಳಿ ನಾಣ್ಯಗಳಿಂದ ಮಾಯ. ಒಂದು ಮನೆಯಲ್ಲಿ ಅಧಿಕಾರ ಹೇಗೆ ಕೈಬದಲಾಯಿತು ಅಂತ ಹೇಳಲು ಅಷ್ಟು ಸಾಕು.

ಶುರುವಿನ ದಿನಗಳಲ್ಲಿ ಸೆನೆಟ್ ಸಭೆಯನ್ನೇ ಅರಮನೆಗೆ ಕರೆಸುತ್ತಿದ್ದರು. ಹಿಂದಿನ ಬಾಗಿಲಿಗೆ ಪರದೆ ಕಟ್ಟಿ, ಅದರ ಆಚೆ ನಿಂತು ಅಗ್ರಿಪ್ಪಿನಾ ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು. ಅರ್ಮೇನಿಯಾದ ದೂತರು ಬಂದ ದಿನ ಅವಳು ಸೀದಾ ನೀರೋ ಕೂತ ವೇದಿಕೆ ಹತ್ತಲು ಹೊರಟಳು. ಎಲ್ಲರೂ ಗಾಬರಿ. ಆಗ ನೀರೋನ ಗುರು ಸೆನೆಕಾ, ಎದ್ದು ಹೋಗಿ ಅಮ್ಮನನ್ನು ಎದುರುಗೊಳ್ಳು ಅಂತ ನೀರೋಗೆ ಹೇಳಿದ. ನೋಡಿದವರಿಗೆ ಮಗನ ಗೌರವ, ಅವಳಿಗೆ ಮಾತ್ರ ಗೊತ್ತು ತಡೆದಿದ್ದು ಅಂತ. 59ರಲ್ಲಿ ಮಗ ಅವಳನ್ನು ಮುರಿದುಬೀಳುವ ದೋಣಿಗೆ ಹತ್ತಿಸಿದ. ಅವಳು ಈಜಿ ದಡ ಸೇರಿದಳು. ಕೊನೆಗೆ ಆಳು ಕಳಿಸಿ ಮನೆಯಲ್ಲೇ ಕೊಲ್ಲಿಸಿದ. ಅವಳು ತನ್ನ ಮನೆತನದ ಕಥೆಯನ್ನು ತಾನೇ ಬರೆದಿಟ್ಟಿದ್ದಳು, ಟ್ಯಾಸಿಟಸ್ ಅದನ್ನು ಓದಿ ಬಳಸಿಕೊಂಡ. ಅವನ ಪುಸ್ತಕ ಉಳಿಯಿತು, ಅವಳದು ಕಳೆದುಹೋಯಿತು.

ಮುಂದಿನ ನೂರು ವರ್ಷದ ಹೆಂಗಸರು ಈ ಪಾಠ ಮರೆಯಲಿಲ್ಲ. ಚಕ್ರವರ್ತಿ ಟ್ರೇಜನ್‌ನ ಹೆಂಡತಿ ಪ್ಲೋಟಿನಾ ಸದ್ದಿಲ್ಲದೆ ಕೆಲಸ ಮಾಡಿದವಳು. 117ರಲ್ಲಿ ಗಂಡ ಸತ್ತಾಗ, ಮುಂದಿನ ಚಕ್ರವರ್ತಿಯಾದ ಹೇಡ್ರಿಯನ್‌ನನ್ನು ದತ್ತು ತೆಗೆದುಕೊಂಡ ಪತ್ರಕ್ಕೆ ಸಹಿ ಇದ್ದದ್ದು ಅವಳದು ಅಂತ ಡಿಯೋ ಹೇಳುತ್ತಾನೆ.

ಮತ್ತೆ ಬಹಿರಂಗವಾಗಿ ಬಂದವರು ಸಿರಿಯಾದ ಎಮೆಸಾದವರು, ಈಗಿನ ಹೋಮ್ಸ್. ಅಲ್ಲಿನ ಅರ್ಚಕನ ಮಗಳು ಜೂಲಿಯಾ ಡೋಮ್ನಾ, ಮುಂದೆ ಚಕ್ರವರ್ತಿಯಾದ ಸೆಪ್ಟಿಮಿಯಸ್ ಸೆವೆರಸ್‌ನ ಹೆಂಡತಿಯಾದಳು, 'ಸೈನ್ಯ ಶಿಬಿರಗಳ ತಾಯಿ' ಅನ್ನುವ ಬಿರುದು ಪಡೆದಳು. 211ರಲ್ಲಿ ದೊಡ್ಡ ಮಗ ಕ್ಯಾರಕಲ್ಲಾ ಚಿಕ್ಕವನಾದ ಗೇಟಾನನ್ನು ಅವಳ ತೋಳಿನಲ್ಲೇ ಕೊಲ್ಲಿಸಿದ. ಅವಳ ಕೈಗೂ ಗಾಯವಾಯಿತು. ಅಳುವ ಹಾಗೂ ಇರಲಿಲ್ಲ. ಬರ್ಲಿನ್‌ನಲ್ಲಿ ಈ ಸಂಸಾರದ ಒಂದು ಗುಂಡನೆಯ ಚಿತ್ರ ಇದೆ, ಮರದ ಹಲಗೆ ಮೇಲೆ ಬರೆದದ್ದು. ಅಪ್ಪ, ಮುತ್ತಿನ ಸರ ಹಾಕಿಕೊಂಡ ಅಮ್ಮ, ಒಬ್ಬ ಮಗ, ಇನ್ನೊಬ್ಬನ ಮುಖ ಇರಬೇಕಾದ ಕಡೆ ಉಜ್ಜಿ ಅಳಿಸಿದ ಕಲೆ. ಉಳಿದ ಮಗ ಕ್ಯಾರಕಲ್ಲಾನ ರಾಜ್ಯಕ್ಕೆ ಬರುವ ಅರ್ಜಿ, ಪತ್ರಗಳನ್ನು ನೋಡಿಕೊಂಡವಳು ಇದೇ ತಾಯಿ. ಹುದ್ದೆಗೆ ಅತಿ ಹತ್ತಿರ ಬಂದ ಕೆಲಸ ಇದು ಅಂತ ನನ್ನ ಅಭಿಪ್ರಾಯ, ಗುಮಾಸ್ತರ ಕೆಲಸದ ಹಾಗೆ ಬೇಸರ ಹಿಡಿಸುವಂಥದ್ದು, ಅದರಲ್ಲೇ ರಾಜ್ಯ ನಡೆಯುವುದು.

217ರಲ್ಲಿ ಕ್ಯಾರಕಲ್ಲಾ ಕೊಲೆಯಾದ, ಡೋಮ್ನಾ ಕೂಡ ಉಳಿಯಲಿಲ್ಲ. ಆದರೆ ಅವಳ ಅಕ್ಕ ಜೂಲಿಯಾ ಮೇಸಾ ಸುಮ್ಮನೆ ಕೂರುವವಳಲ್ಲ. 14 ವರ್ಷದ ಮೊಮ್ಮಗ ಎಲಗಬಾಲಸ್ ಕ್ಯಾರಕಲ್ಲಾನಿಗೇ ಹುಟ್ಟಿದವನು ಅಂತ ಸೈನಿಕರಲ್ಲಿ ಸುದ್ದಿ ಹಬ್ಬಿಸಿ, 218ರಲ್ಲಿ ಪಟ್ಟಕ್ಕೆ ತಂದಳು. ಅವನು ಕೈಗೆ ಸಿಗದಾದಾಗ ಇನ್ನೊಬ್ಬ ಮೊಮ್ಮಗನನ್ನು ಸಿದ್ಧ ಮಾಡಿದಳು. 222ರಲ್ಲಿ ಎಲಗಬಾಲಸ್ ಮತ್ತು ಅವನ ತಾಯಿ ಸೋಯೇಮಿಯಾಸ್ ಇಬ್ಬರನ್ನೂ ಕಾವಲು ಸೈನಿಕರು ಕೊಂದರು. ಸೋಯೇಮಿಯಾಸ್ ಮೇಸಾಳ ಸ್ವಂತ ಮಗಳು.

ಇನ್ನೊಬ್ಬ ಮಗಳು ಮಾಮೇಯಾ. ಮೇಸಾ ಸಿದ್ಧ ಮಾಡಿದ್ದ ಆ ಮೊಮ್ಮಗ ಇವಳ ಮಗ, ಅಲೆಕ್ಸಾಂಡರ್ ಸೆವೆರಸ್. ಅವನು 13 ವರ್ಷ ಆಳಿದ, ಯುದ್ಧಕ್ಕೆ ಹೋದರೂ ಅಮ್ಮ ಜೊತೆಗೆ. ಹಣ ಬಿಚ್ಚುವುದಿಲ್ಲ, ಎಲ್ಲಾ ಅಮ್ಮ ಹೇಳಿದ ಹಾಗೆ ಅಂತ ಸೈನಿಕರು ಗೊಣಗುತ್ತಿದ್ದರು. 235ರಲ್ಲಿ ರೈನ್ ನದಿ ಗಡಿಯ ಶಿಬಿರದಲ್ಲಿ ಅವರು ತಿರುಗಿಬಿದ್ದರು. ಇತಿಹಾಸಕಾರ ಹೆರೋಡಿಯನ್ ಬರೆದ ಪ್ರಕಾರ, ಕೊಲ್ಲುವವರು ಡೇರೆಯೊಳಗೆ ನುಗ್ಗುವಾಗ ಅಲೆಕ್ಸಾಂಡರ್ ಅಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡು ಅಳುತ್ತಿದ್ದ, ಎಲ್ಲಾ ನಿನ್ನಿಂದಲೇ ಆಗಿದ್ದು ಅಂತ ಅವಳನ್ನೇ ಬೈಯುತ್ತಿದ್ದ.