ಬೋಟು ಮರಳದ ಮನೆಯಲ್ಲಿ ಯಾವ ಕೀರ್ತನೆ ಓದಬೇಕು?

ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಐಸು, ಡೀಸೆಲ್ಲು, ಬಲೆ ಅಂತ ಗಡಿಬಿಡಿ. ‘ಫಾದರ್, ಬೋಟಿಗೊಂದು ಪ್ರಾರ್ಥನೆ ಮಾಡಿ’ ಎಂಬ ಕರೆಯೂ ಬರುತ್ತದೆ. ಆಗ ನಾನು ಓದುವುದು ಬೈಬಲಿನ 107ನೇ ಕೀರ್ತನೆ, 23ರಿಂದ 30ನೇ ವಚನ. ಹಡಗು ಹತ್ತಿ ಹೋದವರ ಕಥೆ ಅದು. ಅಲೆ ಅವರನ್ನು ಆಕಾಶಕ್ಕೆ ಎತ್ತಿ ಆಳಕ್ಕೆ ಇಳಿಸುತ್ತದೆ. ಕುಡಿದವರ ಹಾಗೆ ತೂರಾಡುತ್ತಾರೆ, ಕಲಿತ ಜಾಣತನವೆಲ್ಲ ಕೈಕೊಡುತ್ತದೆ. ದೇವರನ್ನು ಕೂಗುತ್ತಾರೆ. ಗಾಳಿ ನಿಲ್ಲುತ್ತದೆ, ಬಂದರು ಸಿಗುತ್ತದೆ. ‘ಕುಡಿದವರ ಹಾಗೆ’ ಎಂದಾಗ ಬೋಟು ನಡೆಸುವ ತಾಂಡೇಲರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.

ಗಂಡ ಸಮುದ್ರದಿಂದ ಮರಳದ ಮನೆಯಲ್ಲೂ ಇದನ್ನೇ ಓದಿದರೆ? ದಡ ಮುಟ್ಟಿದವರ ಹಾಡನ್ನು ಅವಳ ಕಿವಿಗೆ ಹಾಕಿದ ಹಾಗೆ ಅಲ್ವಾ. ಇಂಥಲ್ಲಿ ನಮ್ಮವರು ಸೀದಾ 23ಕ್ಕೆ, ‘ದೇವರೇ ನನ್ನ ಕುರುಬ’ ಎನ್ನುವ ಸಮಾಧಾನದ ಕೀರ್ತನೆಗೆ ಹೋಗುತ್ತಾರೆ. ಒಳ್ಳೆಯದೇ. ಆದರೆ ಮೊದಲ ದಿನಕ್ಕೆ ಅದು ಬೇಗವಾಯಿತು ಅಂತ ನನಗನಿಸುತ್ತದೆ.

ನಾನು ಅಲ್ಲಿ 88 ತೆಗೆಯುತ್ತೇನೆ. 150 ಕೀರ್ತನೆಗಳಲ್ಲಿ ಗೋಳು ಹೇಳಿಕೊಳ್ಳುವವೇ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸಮಾಧಾನದ ಕಡೆ ಹೊರಳುತ್ತವೆ. 13ನ್ನೇ ನೋಡಿ. ‘ಎಷ್ಟು ಕಾಲ’ ಎಂದು ದೇವರನ್ನು ನಾಲ್ಕು ಸಲ ಕೇಳಿ, ಆರನೇ ವಚನಕ್ಕೆ ಹಾಡುತ್ತೇನೆ ಎನ್ನುತ್ತದೆ. 88 ಹೊರಳುವುದೇ ಇಲ್ಲ. ನಿನ್ನ ಅಲೆಗಳೆಲ್ಲ ನನ್ನ ಮೇಲೇ ಬಂದವು, ಮುಖ ಯಾಕೆ ಮರೆಸಿಕೊಂಡೆ ಎಂದು ಕೇಳುತ್ತಾ ಕತ್ತಲಲ್ಲೇ ಮುಗಿಯುತ್ತದೆ.

‘ಇದು ದೇವರನ್ನು ಬೈದ ಹಾಗಲ್ವಾ ಫಾದರ್?’ ಎಂದು ಹಿರಿಯರು ಕೇಳುವುದುಂಟು. ಇಲ್ಲ. ಅದರ ಮೊದಲ ಸಾಲು ನೋಡಿ, ನನ್ನನ್ನು ರಕ್ಷಿಸುವ ದೇವರೇ ಎಂದೇ ಶುರು. ಆಮೇಲಿನ ದೂರೆಲ್ಲ ಅವನ ಮುಂದೆಯೇ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಪ್ರಶ್ನೆ, ಯಾಕೆ ಕೈಬಿಟ್ಟೆ ಎಂದು. ನಾವು ಪಾದ್ರಿಗಳು ಶುಕ್ರವಾರ ಮಲಗುವ ಮುಂಚೆ ಹೇಳುವ ಪ್ರಾರ್ಥನೆಯಲ್ಲಿ ಈ 88 ಪ್ರತಿ ವಾರ ಬರುತ್ತದೆ. ನಮ್ಮ ಮನೆಯಲ್ಲಿ ಯಾರೂ ಸತ್ತಿರಬೇಕಂತಿಲ್ಲ. ಊರಲ್ಲಿ ಯಾರೋ ಒಬ್ಬರಿಗೆ ಆ ರಾತ್ರಿ ಅದು ಬೇಕಿರುತ್ತದೆ, ಅವರ ಪರವಾಗಿ ಹೇಳುತ್ತೇವೆ.

ಓದುವಾಗ ನಿಧಾನ ಇರಲಿ. ಅವಳು ಕೊಂಕಣಿಯಲ್ಲಿ ಅಳುತ್ತಿದ್ದರೆ ಕೊಂಕಣಿಯಲ್ಲೇ ಓದಿ. ಓದಿದ ಮೇಲೆ ಸುಮ್ನೆ ಕೂತಿರಿ. ವಿವರಣೆ ಬೇಡ, ‘ದೇವರ ಚಿತ್ತ’ ಎಂಬ ಮಾತಂತೂ ಬೇಡವೇ ಬೇಡ. ಗಾಯನ ಮಂಡಳಿಯವರು ಬಂದಿದ್ದರೆ ಕೂಡಲೇ ಸ್ತುತಿಗೀತೆ ಎತ್ತದಂತೆ ಮೊದಲೇ ಹೇಳಿಡಿ. ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು!

23 ಯಾವಾಗ? ಅವಳೇ ಕೇಳಿದಾಗ. ಕೆಲವರು ತಿಂಗಳ ಪೂಜೆಗೆ ಕೇಳುತ್ತಾರೆ. ಇನ್ನು ಕೆಲವರು ವರ್ಷ ಕಳೆದರೂ ಕೇಳುವುದಿಲ್ಲ. ಅಂಥವರ ಮನೆಗೆ ವರ್ಷದ ಪ್ರಾರ್ಥನೆಗೆ ಹೋದಾಗಲೂ 88ನ್ನೇ ಓದುತ್ತೇನೆ.